ಟಯರ್ ಸಿಡಿಯುವುದು ವಿಧಿಯಾಟವಲ್ಲ

ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ವಾಕ್ಯ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ‘ಟಯರ್ ಸ್ಫೋಟಗೊಂಡ ಪರಿಣಾಮ ಚಾಲಕನ ನಿಯಂತ್ರಣ ತಪ್ಪಿದ ಕಾರು ರಸ್ತೆ ವಿಭಜಕಕ್ಕೆ ಡಿಕ್ಕಿ ಹೊಡೆದು ಪಲ್ಟಿಯಾಗಿದೆ.’ ಊರು ಬದಲಾಗುತ್ತದೆ, ಸತ್ತವರ ಹೆಸರು ಬದಲಾಗುತ್ತದೆ, ವಾಕ್ಯ ಮಾತ್ರ ಹಾಗೇ ಇರುತ್ತದೆ. ಓದಿದವರು ‘ಅಯ್ಯೋ ಪಾಪ, ಗ್ರಹಚಾರ’ ಎಂದು ಪುಟ ಮಗುಚುತ್ತಾರೆ. ಹತ್ತನೇ ದಿನಕ್ಕೆ ಬಂದ ನೆಂಟರೂ ಅದನ್ನೇ ಹೇಳುತ್ತಾರೆ: ಆಯುಷ್ಯ ಅಷ್ಟೇ ಇತ್ತು, ಟಯರ್ ಒಂದು ನೆಪ. ಸ್ಟೀರಿಂಗ್ ಹಿಡಿದವನು, ಗಾಡಿಯ ಮಾಲೀಕ, ರಸ್ತೆ ನೋಡಿಕೊಳ್ಳಬೇಕಾದ ಇಲಾಖೆ ಇವರು ಯಾರೂ ಈ ಕಥೆಯೊಳಗೆ ಬರುವುದೇ ಇಲ್ಲ.

ಸಾವಿನ ಮನೆಯಲ್ಲಿ ಸಮಾಧಾನಕ್ಕೆ ಆಡಿದ ಮಾತನ್ನು ಯಾರೂ ಖಂಡಿಸಲು ಹೋಗಬಾರದು. ಆದರೆ ಆ ಸಮಾಧಾನದ ಮಾತೇ ಪೊಲೀಸ್ ಠಾಣೆಗೆ, ಪತ್ರಿಕಾ ಕಚೇರಿಗೆ, ಟ್ರಾವೆಲ್ಸ್ ಮಾಲೀಕನ ಬಾಯಿಗೆ, ಕೊನೆಗೆ ವಿಮಾ ಕಂಪನಿಯ ವಕೀಲರ ವಾದಕ್ಕೆ ಹೋಗಿ ಕೂತಿರುವಾಗ ಸುಮ್ಮನಿರುವುದು ತಪ್ಪಾಗುತ್ತದೆ. ಟಯರ್ ಸಿಡಿಯುವುದು ಮನುಷ್ಯನ ಕೈ ಮೀರಿದ್ದು ಎಂಬ ನಂಬಿಕೆ ಜನರನ್ನು ಕೊಲ್ಲುತ್ತಿದೆ. ಗಾಡಿ ಹೊರಡುವ ಮೊದಲು ಟಯರನ್ನು ನೋಡದಂತೆ ಮಾಡುತ್ತದೆ, ಸಿಡಿದ ಕ್ಷಣದಲ್ಲಿ ಏನು ಮಾಡಬೇಕೆಂದು ಕಲಿಯದಂತೆ ಮಾಡುತ್ತದೆ, ಎಲ್ಲ ಮುಗಿದ ಮೇಲೆ ಯಾರೂ ಏನನ್ನೂ ಕೇಳದಂತೆ ಮಾಡುತ್ತದೆ.

ನ್ಯಾಯಾಲಯದ ಮಾತಿನಿಂದಲೇ ಶುರು ಮಾಡೋಣ. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರೊಂದರ ಹಿಂದಿನ ಚಕ್ರ ಸಿಡಿದು ಕಾರು ಹಳ್ಳಕ್ಕೆ ಬಿತ್ತು, ಒಳಗಿದ್ದ ಒಬ್ಬರು ತೀರಿಕೊಂಡರು. ಮೋಟಾರು ಅಪಘಾತ ನ್ಯಾಯಮಂಡಳಿ ಅವರ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಮಾ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯಿತು. ಟಯರ್ ಸಿಡಿದದ್ದು ದೈವಕೃತ್ಯ, ಚಾಲಕನ ತಪ್ಪಲ್ಲ, ಆದ್ದರಿಂದ ಹಣ ಕೊಡಬೇಕಾಗಿಲ್ಲ ಎಂಬುದು ಅದರ ವಾದ. ನಮ್ಮ ಅರಳಿಕಟ್ಟೆಯ ಮಾತು ಅಲ್ಲಿ ಕಪ್ಪು ಕೋಟು ಹಾಕಿಕೊಂಡು ನಿಂತಿತ್ತು. 2023ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಹಿಡಿತಕ್ಕೆ ಸಿಗದ ಪ್ರಕೃತಿಯ ಶಕ್ತಿಗಳಿಗೆ ಮಾತ್ರ ದೈವಕೃತ್ಯವೆನ್ನಬಹುದು, ಟಯರ್ ಸಿಡಿತ ಮನುಷ್ಯನ ನಿರ್ಲಕ್ಷ್ಯದ ಫಲ ಎಂದಿತು. ಅತಿವೇಗ, ಕಡಿಮೆ ಗಾಳಿ, ಹೆಚ್ಚು ಗಾಳಿ, ಹಳೆಯ ಟಯರ್ ಇಂಥ ಕಾರಣಗಳನ್ನೂ ಹೆಸರಿಸಿತು, ಹೊರಡುವ ಮುಂಚೆ ಟಯರ್ ನೋಡಿಕೊಳ್ಳುವುದು ಗಾಡಿಯವನ ಹೊಣೆ ಎಂದಿತು.

ಇನ್ನೊಂದು ತಮಾಷೆ ನೋಡಿ. ನಮ್ಮ ವಾಹನ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಟಯರ್ ಮಾತ್ರ ಹಾಳಾದರೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಗಾಡಿಯೂ ಜಖಂ ಆಗಿದ್ದರೆ ಟಯರಿನ ಬೆಲೆಯಲ್ಲಿ ಅರ್ಧ. ಟಯರ್ ಸವೆಯುವ ವಸ್ತು, ಅದನ್ನು ನೋಡಿಕೊಳ್ಳಬೇಕಾದವನು ಮಾಲೀಕ ಎನ್ನುವುದು ಇದರ ಹಿಂದಿರುವ ಲೆಕ್ಕ. ಪಾಲಿಸಿ ಮಾರುವಾಗ ಟಯರ್ ಮಾಲೀಕನದು, ಪರಿಹಾರ ಕೊಡುವಾಗ ಮಾತ್ರ ದೇವರದು!

ಈಗ ಸಿಡಿತದ ಒಳಗುಟ್ಟಿಗೆ ಬರೋಣ. ಇಲ್ಲಿ ನಮ್ಮವರ ತಪ್ಪು ತಿಳಿವಳಿಕೆ ದೊಡ್ಡದು. ಮಾರ್ಚ್ ಬಂತೆಂದರೆ ಪಂಚರ್ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಒಂದೇ ಉಪದೇಶ: ‘ಬಿಸಿಲು ಜಾಸ್ತಿ ಸಾರ್, ಗಾಳಿ ಎರಡು ಮೂರು ಪಾಯಿಂಟ್ ಕಮ್ಮಿ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಬರ್ಸ್ಟ್ ಆಗುತ್ತೆ.’ ಬಿಸಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಟಯರನ್ನು ಒಡೆಯುತ್ತದೆ, ಆದ್ದರಿಂದ ಮೊದಲೇ ಕಡಿಮೆ ಇಡಬೇಕು. ಕೇಳಲು ಸರಿಯಾಗಿಯೇ ಇದೆ. ಲೆಕ್ಕ ಹಾಕಿದರೆ ಉಳಿಯುವುದಿಲ್ಲ. ತಣ್ಣಗಿರುವ ಟಯರಿನಲ್ಲಿ 33 ಪಿಎಸ್‌ಐ ಗಾಳಿ ಇದೆ ಎನ್ನಿ. ಒಳಗಿನ ಗಾಳಿ 25 ಡಿಗ್ರಿಯಿಂದ 55 ಡಿಗ್ರಿಗೆ ಏರಿದರೂ ಒತ್ತಡ ಮುಟ್ಟುವುದು 38ರ ಆಸುಪಾಸು. ಎಷ್ಟೋ ಕಾರಿನ ಟಯರುಗಳ ಪಕ್ಕದಲ್ಲಿ ಗರಿಷ್ಠ ಒತ್ತಡ 44 ಅಥವಾ 51 ಎಂದು ಅಚ್ಚಾಗಿರುತ್ತದೆ. ಅದು ತುಂಬಬಹುದಾದ ಮಿತಿ, ಒಡೆಯುವ ಮಟ್ಟವಂತೂ ಅದಕ್ಕಿಂತ ಬಹಳ ಮೇಲೆ. ಓಡುವಾಗ ಟಯರ್ ಬಿಸಿಯಾಗುತ್ತದೆಂಬುದನ್ನು ತಿಳಿದೇ ಕಂಪನಿಗಳು ತಣ್ಣಗಿರುವಾಗಿನ ಒತ್ತಡವನ್ನು ಬಾಗಿಲ ಸಂದಿಯ ಚೀಟಿಯಲ್ಲಿ ಬರೆದಿರುವುದು.

ಒಳ್ಳೆಯ ಟಯರನ್ನು ಕೊಲ್ಲುವುದು ಹೆಚ್ಚಾಗಿ ಕಡಿಮೆ ಗಾಳಿ. ಗಾಳಿ ಕಡಿಮೆಯಾದ ಟಯರ್ ನೆಲ ಮುಟ್ಟುವಲ್ಲೆಲ್ಲ ಹೊಟ್ಟೆ ಬಿಟ್ಟು ಬಾಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ಸಾಮಾನ್ಯ ಕಾರಿನ ಚಕ್ರ ನೂರು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಹದಿನಾಲ್ಕು ಸುತ್ತು ತಿರುಗುತ್ತದೆ, ಎಂದರೆ ಪಕ್ಕದ ಗೋಡೆಯ ಪ್ರತಿ ಭಾಗ ಸೆಕೆಂಡಿಗೆ ಹದಿನಾಲ್ಕು ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಿಸಿಯಾಗಿ ತುಂಡಾಗುವಂತೆ, ರಬ್ಬರೂ ಅದರೊಳಗಿನ ನೂಲಿನ ಪದರಗಳೂ ಬಿಸಿಯೇರಿ ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಗಾಳಿ ಇಳಿಸಿದವನು ಬಿಸಿಯನ್ನು ಕಡಿಮೆ ಮಾಡಿದೆನೆಂದುಕೊಂಡು ಹೆಚ್ಚಿಸಿರುತ್ತಾನೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಟಯರ್ ಮುಟ್ಟಿ ನೋಡಿ, ಬಿಸಿಯಿದೆ ಎಂದು ಅಲ್ಲೇ ಗಾಳಿ ಬಿಡುವ ಜಾಣರೂ ಇದ್ದಾರೆ. ಅವರ ಮುಂದಿನ ಐವತ್ತು ಕಿಲೋಮೀಟರು ನೆನೆದರೆ ಭಯವಾಗುತ್ತದೆ. ಹಾಗೆಂದು ಹೇಳಿದ್ದಕ್ಕಿಂತ ಹೆಚ್ಚು ತುಂಬಿಸುವುದೂ ಸರಿಯಲ್ಲ, ಆಗ ನೆಲ ಹಿಡಿಯುವ ಭಾಗ ಕಿರಿದಾಗುತ್ತದೆ, ಗುಂಡಿಯ ಏಟು ನೇರ ಟಯರಿನ ಎಲುಬಿಗೆ ಬೀಳುತ್ತದೆ.

ಸಾರಜನಕ ತುಂಬಿಸಿದರೆ ಸಿಡಿಯುವುದೇ ಇಲ್ಲ ಎನ್ನುವವರಿಗೆ ಒಂದೇ ಮಾತು. ನೀವು ಉಸಿರಾಡುವ ಗಾಳಿಯಲ್ಲೇ 78 ಪಾಲು ಸಾರಜನಕವಿದೆ. ಶುದ್ಧ ಸಾರಜನಕವೂ ಬಿಸಿಗೆ ಮಾಮೂಲಿ ಗಾಳಿಯಷ್ಟೇ ಹಿಗ್ಗುತ್ತದೆ. ಸೋರುವುದು ಸ್ವಲ್ಪ ನಿಧಾನ, ತೇವ ಇರುವುದಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಗೇಜ್ ಹಚ್ಚಿ ನೋಡುವವನಿಗೆ ಆ ದುಡ್ಡು ದಂಡ. ಸಾರಜನಕ ಹಾಕಿಸಿದ್ದೇನೆಂಬ ಧೈರ್ಯದಲ್ಲಿ ಗೇಜನ್ನೇ ಮುಟ್ಟದವನಿಗೆ ಅದು ದಂಡಕ್ಕಿಂತ ಕೆಟ್ಟದ್ದು.

ಇದೇ ನಂಬಿಕೆಯ ಇನ್ನೊಂದು ಮುಖ, ಕಾಂಕ್ರೀಟ್ ರಸ್ತೆಯ ಮೇಲಿನ ಆರೋಪ. ಯಮುನಾ ಎಕ್ಸ್‌ಪ್ರೆಸ್‌ವೇಯಿಂದ ಹಿಡಿದು ಮಹಾರಾಷ್ಟ್ರದ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗದವರೆಗೆ ‘ಆ ರಸ್ತೆ ಟಯರ್ ತಿನ್ನುತ್ತದೆ’ ಎಂಬ ಮಾತು ಹಬ್ಬಿದೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ತೆರೆದಾಗಲೂ ಅಂಥದೇ ಗುಸುಗುಸು ಕೇಳಿಬಂತು, ರಸ್ತೆ ಡಾಂಬರಿನದಾದರೂ! ರಸ್ತೆಯ ಮೇಲೆ ಹೊರಿಸಬೇಕಾದ ದೂರುಗಳು ಬೇರೆ ಬೇಕಾದಷ್ಟಿವೆ. ಆದರೆ ಟಯರಿನ ವಿಷಯದಲ್ಲಿ ಗುಟ್ಟು ಸರಳವಾಗಿದೆ. ಬೆಂಗಳೂರಿನ ಕಾರು ವರ್ಷವಿಡೀ ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ ತೆವಳುತ್ತದೆ. ಟಯರಿನಲ್ಲಿ ಹತ್ತು ಪಾಯಿಂಟ್ ಗಾಳಿ ಕಡಿಮೆಯಿದ್ದರೂ ಆ ವೇಗಕ್ಕೆ ಅದು ತಾಳಿಕೊಳ್ಳುತ್ತದೆ. ಬೇಸಿಗೆ ರಜೆ ಬಂತು, ಐದು ಜನ ಹತ್ತಿದರು, ಡಿಕ್ಕಿಯಲ್ಲಿ ಸೂಟ್‌ಕೇಸು, ಉಪ್ಪಿನಕಾಯಿ ಭರಣಿ, ಶಿರಡಿಗೋ ತಿರುಪತಿಗೋ ಪ್ರಯಾಣ. ಅದೇ ಟಯರ್ ಮೊದಲ ಸಲ ನೂರರ ವೇಗದಲ್ಲಿ, ತುಂಬಿದ ಭಾರದಲ್ಲಿ, ನಿಲ್ಲದೆ ಒಂದೂವರೆ ಗಂಟೆ ಓಡುತ್ತದೆ. ಮನೆಯಿಂದ ಹೊರಟಾಗಲೇ ಸೋತಿದ್ದ ಟಯರ್ ಅದು, ಸೋಲು ಬಯಲಾದ ಜಾಗ ಮಾತ್ರ ಹೆದ್ದಾರಿ. ಬಾಗಿಲ ಸಂದಿಯ ಅದೇ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟು ಗಾಳಿ ಬೇಕೆಂದೂ ಬರೆದಿರುತ್ತದೆ. ಬಂಕಿನ ಹುಡುಗ ‘ಎಷ್ಟು ಹಾಕ್ಲಿ ಅಣ್ಣಾ?’ ಎಂದಾಗ ‘ಎಲ್ಲಾದಕ್ಕೂ ಮೂವತ್ತು’ ಎನ್ನುವವರು ಆ ಚೀಟಿಯನ್ನು ಓದಿದವರಲ್ಲ.

ಸಮೃದ್ಧಿ ಮಾರ್ಗದ ಮಾತು ಬಂದಿದ್ದರಿಂದ ಅಲ್ಲಿಯದೇ ಒಂದು ಪ್ರಕರಣ. 2023ರ ಜುಲೈ 1ರ ನಡುರಾತ್ರಿ ಬುಲ್ಢಾಣಾ ಜಿಲ್ಲೆಯಲ್ಲಿ ನಾಗಪುರದಿಂದ ಪುಣೆಗೆ ಹೊರಟಿದ್ದ ಖಾಸಗಿ ಬಸ್ಸು ಉರುಳಿ ಬೆಂಕಿ ಹತ್ತಿಕೊಂಡು 25 ಜನ ಸತ್ತರು. ಬದುಕುಳಿದ ಚಾಲಕ ಹೇಳಿದ ಮೊದಲ ಮಾತು ‘ಟಯರ್ ಸಿಡಿಯಿತು’. ಎಲ್ಲರೂ ನಂಬಿದರು, ಸುದ್ದಿಯೂ ಹಾಗೇ ಹರಡಿತು. ಸ್ಥಳಕ್ಕೆ ಹೋಗಿ ನೋಡಿದ ಅಮರಾವತಿ ಆರ್‌ಟಿಓ ಅಧಿಕಾರಿಗಳ ವರದಿ ಮಾತ್ರ ಟಯರ್ ಸಿಡಿದ ಕುರುಹು ಇಲ್ಲ ಎಂದಿತು. ನಿದ್ದೆಗಣ್ಣು, ಮದ್ಯ, ಮೊಬೈಲು, ಅತಿವೇಗ ಎಲ್ಲವನ್ನೂ ಮುಚ್ಚಬಲ್ಲ ಕಂಬಳಿ ‘ಟಯರ್ ಸಿಡಿಯಿತು’ ಎಂಬ ಎರಡು ಪದ. ಹೇಳಿದವನನ್ನು ಮರುಪ್ರಶ್ನೆ ಕೇಳದಿರುವ ಸಮಾಜ ಸಿಕ್ಕಿದರೆ ಯಾರು ತಾನೆ ಅದನ್ನು ಹೊದ್ದುಕೊಳ್ಳುವುದಿಲ್ಲ?

ಇನ್ನು ನಿಜವಾಗಿ ಸಿಡಿದಾಗ. ‘ಸಿಡಿದ ಮೇಲೆ ಯಾರೇನು ಮಾಡೋಕಾಗುತ್ತೆ’ ಎನ್ನುವವರು ತುಂಬ ಇದ್ದಾರೆ. ಮಾಡಲು ಸಾಧ್ಯವಿದೆ, ಮತ್ತು ಹೆಚ್ಚಿನ ಗಾಡಿಗಳು ಉರುಳುವುದು ಚಾಲಕ ಅದರ ತದ್ವಿರುದ್ಧ ಮಾಡುವುದರಿಂದ. ಬಂದೂಕು ಹಾರಿದಂಥ ಸದ್ದಾಗುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ಕೈ ಸ್ಟೀರಿಂಗನ್ನು ಇನ್ನೊಂದು ಕಡೆಗೆ ಜಗ್ಗುತ್ತದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಕಲಿಸಿದ್ದೂ ಅದೇ ತಾನೆ: ಏನೇ ಆಗಲಿ, ಬ್ರೇಕ್ ಒತ್ತಿ. ಟಯರ್ ಸಿಡಿದಾಗ ಅದು ಮೊದಲನೆಯ ತಪ್ಪು. ಬ್ರೇಕ್ ಜೋರಾಗಿ ಒತ್ತಿದರೆ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಸಿಡಿದದ್ದು ಮುಂದಿನ ಚಕ್ರವಾದರೆ ಆ ಕಡೆಗಿನ ಎಳೆತ ಇಮ್ಮಡಿಯಾಗುತ್ತದೆ. ಹಿಂದಿನದಾದರೆ ಬಾಲ ಬೀಸಿ ಗಾಡಿ ಅಡ್ಡ ತಿರುಗುತ್ತದೆ. ಅಡ್ಡವಾದ ಗಾಡಿಯ ರಿಮ್ಮು ಡಾಂಬರನ್ನು ಕಚ್ಚಿತೆಂದರೆ ಪಲ್ಟಿ.

ಮಾಡಬೇಕಾದ್ದು ಇದು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿಯಿರಿ. ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರಿನಿಂದ ಕಾಲನ್ನು ತಟ್ಟನೆ ಕೀಳಬೇಡಿ. ಒಂದೆರಡು ಕ್ಷಣ ಅದನ್ನು ಹಾಗೇ ಇರಗೊಡಿ, ಗಾಡಿ ನೇರವಾಗಿ ಮುಂದಕ್ಕೆ ಹೋಗುವ ಬಲ ಉಳಿಯುತ್ತದೆ. ಅಮೆರಿಕದಲ್ಲಿ ಲಾರಿ ಚಾಲಕರ ತರಬೇತಿಯಲ್ಲಿ ಆ ಕ್ಷಣ ಸ್ವಲ್ಪ ಹೆಚ್ಚೇ ಒತ್ತಿ ಎಂದೂ ಹೇಳಿಕೊಡುತ್ತಾರೆ, ಎಳೆತವನ್ನು ಮೀರುವ ತಳ್ಳು ಬೇಕೆಂದು. ಕೇಳಿದರೆ ಹುಚ್ಚು ಅನಿಸುತ್ತದೆ, ಲೆಕ್ಕ ಮಾತ್ರ ಸರಿ. ಗಾಡಿ ಎಳೆಯುವ ಕಡೆಗೆ ಎದುರಾಗಿ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಹಿಡಿಯಿರಿ, ಲೇನು ತಪ್ಪದಿರುವಷ್ಟು ಮಾತ್ರ. ಆಮೇಲೆ ಕಾಲನ್ನು ನಿಧಾನವಾಗಿ ಸಡಿಲಿಸಿ. ಹರಿದ ಟಯರೇ ದೊಡ್ಡ ಬ್ರೇಕು, ಅದೇ ಗಾಡಿಯನ್ನು ನಿಧಾನ ಮಾಡುತ್ತದೆ. ವೇಗ ನಲವತ್ತಕ್ಕೆ ಇಳಿದ ಮೇಲೆ ಇಂಡಿಕೇಟರ್ ಹಾಕಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ರಸ್ತೆಯ ಅಂಚಿಗೆ ಬನ್ನಿ. ರಿಮ್ಮು ಹಾಳಾಗುತ್ತದೆಂದು ನಡುರಸ್ತೆಯಲ್ಲೇ ನಿಲ್ಲಿಸುವವರನ್ನು ಹಿಂದಿನಿಂದ ಬಂದ ಲಾರಿ ಗುದ್ದುತ್ತದೆ. ಹೊಸ ರಿಮ್ಮು ಅಂಗಡಿಯಲ್ಲಿ ಸಿಗುತ್ತದೆ. ನಿಂತ ಮೇಲೆ ಎಲ್ಲರೂ ತಡೆಗೋಡೆಯ ಆಚೆ ಹೋಗಬೇಕು, ಜಾಕ್ ಹಚ್ಚುವುದು ಆಮೇಲಿನ ಮಾತು. ಬೈಕಿನಲ್ಲಿ ಯಾವ ಚಕ್ರ ಸಿಡಿದಿದೆಯೋ ಆ ಚಕ್ರದ ಬ್ರೇಕನ್ನು ಮರೆತುಬಿಡಿ, ಹ್ಯಾಂಡಲ್ ನೇರ ಇಟ್ಟು, ಇನ್ನೊಂದು ಬ್ರೇಕನ್ನು ಹಗುರವಾಗಿ ಬಳಸಿ.

ಎಚ್ಚರದ ಚಾಲನೆಯಿಂದ ಅಪಘಾತ ತಪ್ಪುತ್ತದೆ ಎಂಬುದಕ್ಕೆ ನಮ್ಮಲ್ಲೇ ಪುರಾವೆ ಇದೆ. ಕೆಎಸ್‌ಆರ್‌ಟಿಸಿ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿ, ಚಿನ್ನದ ಪದಕ ಕೊಡುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ವರ್ಷಗಟ್ಟಲೆ ಹತ್ತಿ ಇಳಿದವರು ಅವರು. ಗ್ರಹಗತಿ ಅವರಿಗೆ ಮಾತ್ರ ನೆಟ್ಟಗಿತ್ತೆ? ಆ ಕೌಶಲವನ್ನು ನಾವು ಕಲಿಸುವ ಗೋಜಿಗೇ ಹೋಗಿಲ್ಲ. ಲೈಸೆನ್ಸ್ ಪರೀಕ್ಷೆಯೆಂದರೆ ಎಂಟು ಹೊಡೆಯುವುದು, ರಿವರ್ಸ್ ತೆಗೆಯುವುದು ಎಂದಾಗಿದೆ. ಮೈದಾನದಲ್ಲಿ ಟಯರ್ ಸಿಡಿಸಿ ತೋರಿಸುವುದು ಕಷ್ಟ, ಒಪ್ಪೋಣ. ಬಾಯಿಮಾತಿನಲ್ಲಿ ಕೇಳುವುದಕ್ಕೇನು ಕಷ್ಟ?

ಎದುರು ವಾದವೊಂದಿದೆ, ಅದರಲ್ಲಿ ಹುರುಳೂ ಇದೆ. ‘ಟಯರ್ ಹೊಸದು, ಗಾಳಿ ಸರಿ, ವೇಗವೂ ಮಿತಿಯಲ್ಲಿ. ಗುಂಡಿಗೆ ಬಿದ್ದು ಸಿಡಿಯಿತು. ಇದಕ್ಕೇನು ಹೇಳುತ್ತೀರಿ?’ ಗುಂಡಿ ದೇವರು ತೋಡಿದ್ದಲ್ಲ ಎಂದು ಹೇಳುತ್ತೇನೆ. ಅದನ್ನು ಮುಚ್ಚಬೇಕಾದ ಗುತ್ತಿಗೆದಾರನಿಗೆ, ಬಿಲ್ಲು ಪಾಸು ಮಾಡಿದ ಎಂಜಿನಿಯರಿಗೆ ಹೆಸರಿದೆ. ವಿಧಿಯ ಮೇಲೆ ಹಾಕಿದಾಗ ತಪ್ಪಿಸಿಕೊಳ್ಳುವವರಲ್ಲಿ ಅವರೇ ಮೊದಲಿಗರು. ಟ್ಯಾಕ್ಸಿ ಚಾಲಕರ ಗೋಳೂ ಹೀಗೆಯೇ. ಟಯರ್ ಬೋಳಾಗಿದೆಯೆಂದು ಚಾಲಕನಿಗೆ ಗೊತ್ತು, ಮಾಲೀಕನಿಗೂ ಗೊತ್ತು. ‘ಇನ್ನೊಂದು ಟ್ರಿಪ್ ಓಡ್ಲಿ ಬಿಡೋ’ ಎಂದವನು ಮಾಲೀಕ, ಜೈಲಿಗೋ ಮಸಣಕ್ಕೋ ಹೋಗುವವನು ಚಾಲಕ. ಕಾರು, ಬಸ್ಸು, ಲಾರಿಗಳ ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ದ್ವಿಚಕ್ರ, ತ್ರಿಚಕ್ರಗಳಿಗೆ 0.8. ಹೆಲ್ಮೆಟ್ಟಿಗೆ ಅಡ್ಡಗಟ್ಟಿ ದಂಡ ಹಾಕುವ ಪೊಲೀಸರು ಬಗ್ಗಿ ಟಯರ್ ನೋಡಿದ್ದನ್ನು ಎಷ್ಟು ಸಲ ಕಂಡಿದ್ದೀರಿ?

ಬಗ್ಗುವ ಮಾತು ಬಂದಾಗ ಆಯುಧಪೂಜೆ ನೆನಪಾಗುತ್ತದೆ. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರದಡಿಗೆ ನಿಂಬೆಹಣ್ಣಿಡುತ್ತೇವೆ. ಪೂಜೆಗೆ ನನ್ನ ತಕರಾರಿಲ್ಲ. ನಿಂಬೆಹಣ್ಣಿಡಲು ಬಗ್ಗಿದವನ ಕಣ್ಣಿಗೆ ಗೇಣು ದೂರದಲ್ಲೇ ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದ ಟಯರ್. ಗೆರೆ ಎಷ್ಟೇ ದಪ್ಪಗಿರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಆರು ವರ್ಷಕ್ಕೆ ಬದಲಿಸಿ ಎನ್ನುವ ಕಾರು ಕಂಪನಿಗಳಿವೆ, ಹತ್ತು ವರ್ಷ ದಾಟಿದ್ದನ್ನು ಟಯರ್ ಕಂಪನಿಗಳೂ ಬಳಸಬೇಡಿ ಎನ್ನುತ್ತವೆ. ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿಗೂ ಇದೇ ಮಾತು.

ವಿಧಿಯನ್ನು ಒಪ್ಪದವರು ಏನು ಮಾಡುತ್ತಾರೆ? 2000ನೇ ಇಸವಿಯ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಕಾಂಕಾರ್ಡ್ ವಿಮಾನ ಮೇಲೇರಲು ಓಡುತ್ತಿದ್ದಾಗ ಟಯರ್ ಸಿಡಿದು, ಅದರ ತುಣುಕು ಇಂಧನದ ಟ್ಯಾಂಕಿಗೆ ಬಡಿದು 113 ಜನ ಸತ್ತರು. ತನಿಖೆ ಮಾಡಿದವರು ‘ಟಯರ್ ಸ್ಫೋಟ’ ಎಂದು ಬರೆದು ಮುಗಿಸಲಿಲ್ಲ. ಟಯರನ್ನು ಸೀಳಿದ ಎರಡು ಗೇಣುದ್ದದ ಲೋಹದ ಪಟ್ಟಿಯನ್ನು ಹುಡುಕಿ, ಅದು ಸ್ವಲ್ಪ ಹೊತ್ತಿನ ಮುಂಚೆ ಹಾರಿದ ಯಾವ ವಿಮಾನದಿಂದ ಬಿತ್ತೆಂಬುದನ್ನೂ ಕಂಡುಹಿಡಿದರು. ಸರಿಯಾಗಿ ಹದಿನೈದು ದಿನಕ್ಕೆ, ಆಗಸ್ಟ್ 9ರಂದು, ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಆ ಟಯರುಗಳ ಮೇಲ್ಪದರ ಕಳಚಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಉರುಳಿದ್ದವು, ಸತ್ತವರ ಸಂಖ್ಯೆಯನ್ನು ಅಲ್ಲಿನ ಸರ್ಕಾರಿ ಸಂಸ್ಥೆ ಕೊನೆಗೆ 271 ಎಂದು ಲೆಕ್ಕ ಹಾಕಿತು. ಫೋರ್ಡ್ ಟಯರನ್ನು ದೂರಿತು. ಫೈರ್‌ಸ್ಟೋನ್ ಗಾಡಿಯನ್ನೂ, ಫೋರ್ಡ್ ಶಿಫಾರಸು ಮಾಡಿದ್ದ 26 ಪಿಎಸ್‌ಐ ಎಂಬ ಕಡಿಮೆ ಗಾಳಿಯನ್ನೂ ದೂರಿತು. ಜಗಳ ಕೊಳಕಾಗಿತ್ತು, ಆದರೆ ಅಲ್ಲಿ ದೇವರ ಹೆಸರು ಬರಲಿಲ್ಲ. ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನು ತಂದಿತು. ಟಯರಿನಲ್ಲಿ ಗಾಳಿ ಇಳಿದರೆ ಚಾಲಕನ ಕಣ್ಣೆದುರು ದೀಪ ಹೊತ್ತುವ ವ್ಯವಸ್ಥೆ ಆ ಕಾನೂನಿನ ಫಲವಾಗಿ 2007ರಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ನಮ್ಮಲ್ಲಿ 2020ರ ನಿಯಮ ಆ ಸಾಧನವನ್ನು ನೆನೆಸಿಕೊಂಡದ್ದು ಸ್ಟೆಪ್ನಿ ಬಿಡಲು ಸಿಗುವ ರಿಯಾಯಿತಿಯ ಷರತ್ತಾಗಿ.

ಭಾರತದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491. ಅವರಲ್ಲಿ ಎಷ್ಟು ಜನರ ಸಾವು ಟಯರಿನಿಂದ ಎಂಬುದನ್ನು ಪಂಚನಾಮೆಗಳೇ ಹೇಳಬೇಕು, ಅಲ್ಲಿ ‘ಟಯರ್ ಸ್ಫೋಟ’ ಎಂದು ಗೀಚಿ ಕೈತೊಳೆದುಕೊಂಡರೆ ಎಂದಿಗೂ ತಿಳಿಯುವುದಿಲ್ಲ. ಆದ್ದರಿಂದ ಠಾಣೆಯವರಲ್ಲಿ, ವಾಹನ ತಪಾಸಣಾಧಿಕಾರಿಗಳಲ್ಲಿ, ಜಿಲ್ಲಾ ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಆ ವಾಕ್ಯ ಬರೆಯುವಾಗ ಟಯರಿನ ಮೇಲಿನ ನಾಲ್ಕು ಅಂಕಿಯನ್ನೂ ಬರೆಯಿರಿ. ಗೆರೆ ಎಷ್ಟು ಉಳಿದಿತ್ತು, ಉಳಿದ ಮೂರು ಟಯರುಗಳಲ್ಲಿ ಗಾಳಿ ಎಷ್ಟಿತ್ತು, ಗಾಡಿಯಲ್ಲಿ ಎಷ್ಟು ಜನ ಇದ್ದರು, ಮಾಲೀಕ ಯಾರು, ರಸ್ತೆಯಲ್ಲಿ ಗುಂಡಿ ಇತ್ತೇ ಎಂಬುದನ್ನೂ ಬರೆಯಿರಿ.